ಗಾಳಿಗೆ ಎರಡು ದಾರಿ

ಗೋಡೆಯಿಲ್ಲದೆ ಮನೆಯಿಲ್ಲ. ಆದರೂ ಮನುಷ್ಯನು ಕಷ್ಟಪಟ್ಟು ಕಟ್ಟಿದ ಗೋಡೆಯಲ್ಲಿ ತಾನಾಗಿಯೇ ಒಂದು ಕಿಂಡಿಯನ್ನು ಬಿಡುತ್ತಾನೆ. ಅದಕ್ಕೆ ನಮ್ಮ ನುಡಿಯಲ್ಲಿರುವ ಹೆಸರುಗಳನ್ನು ಗಮನಿಸಿರಿ. ಬೆಳಕು ಬರುವ ಕಿಂಡಿಯು ಬೆಳಕಿಂಡಿ. ಹಸುವಿನ ಕಣ್ಣನ್ನು ನೆನಪಿಸುವುದು ಗವಾಕ್ಷ. ಗಾಳಿ ಸಂಚರಿಸುವ ಹಾದಿ ವಾತಾಯನ. ಹಾದಿಯೆಂದ ಮೇಲೆ ಅದಕ್ಕೆ ಬರುವ ಕಡೆಯೂ ಇರಬೇಕು, ಹೋಗುವ ಕಡೆಯೂ ಇರಬೇಕು.

ಒಂದೇ ಕಿಟಕಿಯಿರುವ ಕೋಣೆಯಲ್ಲಿ ಗಾಳಿ ಚೆನ್ನಾಗಿ ಆಡುವುದಿಲ್ಲ. ಬಿಸಿಗಾಳಿ ಹಗುರವಾಗಿ ಮೇಲೇರುತ್ತದೆ. ಸೂರಿನ ಕೆಳಗೆ ಅದಕ್ಕೊಂದು ಹೊರದಾರಿ ಸಿಕ್ಕಿದರೆ, ಕೆಳಗಿನ ಕಿಟಕಿಯಿಂದ ತಂಪುಗಾಳಿ ಕರೆಯದೆಯೇ ಒಳಬರುತ್ತದೆ. ಒಳಗಿನದು ಹೊರಗೆ ಹೋಗದೆ ಹೊಸದಕ್ಕೆ ಎಡೆಯಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಸೌದೆ, ಬೆರಣಿ, ಸೀಮೆಎಣ್ಣೆಗಳನ್ನು ಉರಿಸುವುದರಿಂದ ಮನೆಯೊಳಗೆ ತುಂಬಿದ ಹೊಗೆಗೆ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರು ಬಲಿಯಾದರು. ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಶುದ್ಧ ಇಂಧನವೇ ಇದಕ್ಕೆ ಮುಖ್ಯ ಪರಿಹಾರವೆಂಬುದು ನಿಜ. ಆದರೆ ಜಗಲಿಯಲ್ಲಿ ಕುಳಿತವರಿಗೆ ಗಾಳಿ, ಒಲೆಯ ಮುಂದೆ ಕುಳಿತವಳಿಗೆ ಹೊಗೆ ಎಂಬ ಹಂಚಿಕೆ ಕಟ್ಟಡದ ದೋಷವಷ್ಟೇ ಆಗಿರಲಾರದು. ಗೋಡೆ ಎಬ್ಬಿಸುವಾಗ ನಾವು ಯಾರ ಉಸಿರನ್ನು ಲೆಕ್ಕಕ್ಕೆ ಹಿಡಿದೆವು?

ಕಿಂಡಿಯಿಂದ ಧೂಳು, ಸೊಳ್ಳೆ, ಕಳ್ಳರೂ ಬರಬಹುದಲ್ಲವೇ ಎಂದು ನೀವು ಕೇಳಬಹುದು. ಬರಬಹುದು, ಆದುದರಿಂದಲೇ ಕಿಟಕಿಗೆ ಸರಳು, ಕದ, ಅಗುಳಿಗಳಿವೆ. ಫ್ಲಾರೆನ್ಸ್ ನೈಟಿಂಗೇಲರು ಶುಶ್ರೂಷೆಯ ಕುರಿತು 1859ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಕೋಣೆಯ ಗಾಳಿ ಹೊರಗಿನ ಗಾಳಿಯಷ್ಟೇ ಶುದ್ಧವಾಗಿರಬೇಕು, ಆದರೆ ರೋಗಿಗೆ ಚಳಿ ತಾಗಬಾರದು ಎಂಬುದನ್ನು ಮೊದಲ ನಿಯಮವಾಗಿಟ್ಟರು. ತೆರೆಯುವುದಕ್ಕೂ ವಿವೇಕ ಬೇಕು. ಭಯದಿಂದ ಕದಕ್ಕೆ ಮೊಳೆ ಹೊಡೆಯುವುದು ವಿವೇಕವಾಗದು.

ಕುಟುಂಬದ ಬಾಳಿಗೂ ಈ ಮಾತು ಸಲ್ಲುತ್ತದೆ. ಮನೆಯ ಗುಟ್ಟು ರಟ್ಟಾಗಬಾರದೆನ್ನುತ್ತೇವೆ. ದುರ್ಬಲರ ಮಾನವನ್ನು ಕಾಯುವ ಗುಟ್ಟು ಗೌರವಕ್ಕೆ ಅರ್ಹ. ಆದರೆ ಕುಡಿತವನ್ನೂ ಹೊಡೆತವನ್ನೂ ಮುಚ್ಚಿಡುವ ಗುಟ್ಟಿನಿಂದ ಯಾರಿಗೆ ಒಳಿತು? ಎರಡನ್ನೂ ಬೇರ್ಪಡಿಸಲು ಒಂದು ಪ್ರಶ್ನೆ ಸಾಕು: ಈ ಕದ ಮುಚ್ಚಿರುವುದರಿಂದ ಒಳಗೆ ಯಾರ ಉಸಿರು ಕಟ್ಟುತ್ತಿದೆ? ನೊಂದವಳು ತವರಿಗೋ ನೆರೆಯವರಿಗೋ ಹೇಳಿಕೊಂಡಾಗ ಅದನ್ನು ಮನೆ ಮುರಿಯುವ ಮಾತೆಂದು ಗದರಿಸುವವರು, ಇದ್ದ ಒಂದು ಹೊಗೆಗಿಂಡಿಯನ್ನೂ ಮುಚ್ಚುತ್ತಾರೆ.

ಹೀಬ್ರೂ ಭಾಷೆಯಲ್ಲಿ ಗಾಳಿ, ಉಸಿರು, ಆತ್ಮ ಈ ಮೂರಕ್ಕೂ ‘ರೂವಾಹ್’ ಎಂಬ ಒಂದೇ ಪದವಿದೆ. ಆದಿಕಾಂಡದಲ್ಲಿ ನೋವನು ನಾವೆಯ ಕಿಟಕಿಯನ್ನು ತೆರೆದು ಹಕ್ಕಿಗಳನ್ನು ಹೊರಬಿಡುತ್ತಾನೆ. ಕಾಲೂರಲು ನೆಲೆ ಕಾಣದೆ ಹಿಂದಿರುಗಿದ ಪಾರಿವಾಳವನ್ನು ಕೈಚಾಚಿ ಒಳಗೆ ತೆಗೆದುಕೊಳ್ಳುತ್ತಾನೆ. ಮುಂದೆ ಓಲಿವ್ ಎಲೆಯೊಡನೆ ನೀರಿಳಿದ ಸುದ್ದಿ ತಂದುದೂ ಅದೇ ಪಾರಿವಾಳ. ಜಲಪ್ರಳಯದಲ್ಲಿ ಮುಚ್ಚಿದ ನಾವೆ ಜೀವ ಉಳಿಸಿತು. ಆದರೆ ಹೊರಗೆ ಮತ್ತೆ ನೆಲ ಕಾಣಿಸಿಕೊಂಡಿದೆಯೆಂದು ತಿಳಿಯಲು ಕಿಟಕಿಯೇ ಬೇಕಾಯಿತು.

ಇಂದು ಸಂಜೆ ನಿಮ್ಮ ಮನೆಯ ಕಿಟಕಿಗಳನ್ನು ತೆರೆಯುವಾಗ ಒಂದು ಸುತ್ತು ನೋಡಿರಿ. ಗಾಳಿ ತಲುಪದ ಮೂಲೆ ಯಾವುದು? ಅಲ್ಲಿ ಯಾರು ಮಾತಿಲ್ಲದೆ ಕುಳಿತಿದ್ದಾರೆ? ಅವರ ಬಳಿ ಹೋಗಿ ಕುಳಿತು, ಅವರು ಹೇಳುವುದನ್ನು ಕೊನೆಯವರೆಗೂ ಕೇಳಿರಿ.