ಖಾತ್ರಿ ಕೇಳುವ ಎದೆ

2025ರ ಜುಲೈ ತಿಂಗಳಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಾಗುವ ಹೊತ್ತಿಗೇ ಉದ್ದನೆಯ ಸಾಲು. ಹಾಸನ ಜಿಲ್ಲೆಯಲ್ಲಿ ಒಬ್ಬರ ಹಿಂದೊಬ್ಬರು, ಅದರಲ್ಲೂ ಚಿಕ್ಕ ವಯಸ್ಸಿನವರು, ಹೃದಯಾಘಾತದಿಂದ ತೀರಿಕೊಂಡ ಸುದ್ದಿ ದಿನವೂ ಬರುತ್ತಿದ್ದ ಕಾಲ ಅದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಬೆಂಗಳೂರಿನ ಜಯದೇವದಲ್ಲೂ ಇಂಥದೇ ನೂಕುನುಗ್ಗಲು ಆಗಿತ್ತು. ಗಾಬರಿಬಿದ್ದು ಬರಬೇಡಿ ಎಂದು ವೈದ್ಯರು ಕೈಮುಗಿದು ಕೇಳಿಕೊಂಡರೂ ಜನ ಬಂದರು. ಕ್ಯಾಮೆರಾಗಳು ಆ ಸಾಲನ್ನು ತೋರಿಸಿದವು. ಸಾಲಿನಲ್ಲಿ ನಿಂತವರು ಹಿಂದಿನ ರಾತ್ರಿಯನ್ನು ಹೇಗೆ ಕಳೆದಿರಬಹುದು ಎಂಬುದೇ ನನ್ನ ತಲೆಯಲ್ಲಿ ಉಳಿದ ಪ್ರಶ್ನೆ.

ಆ ರಾತ್ರಿಯನ್ನು ಊಹಿಸುವುದು ಕಷ್ಟವೇನಲ್ಲ. ದೀಪ ಆರಿಸಿ ಎಡಮಗ್ಗುಲಿಗೆ ಹೊರಳಿದೊಡನೆ ಎದೆಬಡಿತ ದಿಂಬಿನೊಳಗಿಂದ ಕೇಳತೊಡಗುತ್ತದೆ. ಹಗಲೆಲ್ಲ ಬಡಿದದ್ದೂ ಅದೇ ಎದೆ, ಆದರೆ ಹಗಲಿಗೆ ಮಿಕ್ಸಿ, ಬಸ್ಸು, ಫೋನುಗಳ ಗದ್ದಲವಿತ್ತು. ಎಡಕ್ಕೆ ಮಲಗಿದಾಗ ಹೃದಯ ಎದೆಗೂಡಿನ ಗೋಡೆಗೆ ಇನ್ನಷ್ಟು ಹತ್ತಿರ ಸರಿಯುವುದರಿಂದ ಬಡಿತ ಹೆಚ್ಚು ಗೊತ್ತಾಗುತ್ತದೆ. ಗೊತ್ತಾದವನು ಎಣಿಸತೊಡಗುತ್ತಾನೆ, ಎಣಿಸಿದಷ್ಟೂ ಅದು ಜೋರಾಗುತ್ತದೆ. ಉಸಿರು ಸಾಲದೆಂದು ಎಳೆದೆಳೆದು ತೆಗೆದುಕೊಳ್ಳುತ್ತಾನೆ. ಹಾಗೆ ಎಳೆದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳ ತುದಿ, ತುಟಿಯ ಸುತ್ತ ಜುಮುಗುಡುತ್ತದೆ, ತಲೆ ತೇಲಿದಂತಾಗುತ್ತದೆ. ಕೈ ಜುಮುಗುಟ್ಟಿತೆಂದರೆ ಅವನ ತೀರ್ಪು ಸಿದ್ಧ: ಇದು ಅಟ್ಯಾಕೇ. ಇದರ ನಡುವೆ ಹೇಗೋ ಜೋಂಪು ಹತ್ತಿದರೆ, ಮೆಟ್ಟಿಲು ತಪ್ಪಿದವನಂತೆ ಮೈಯೆಲ್ಲ ಬೆಚ್ಚಿ ಎಚ್ಚರ. ನಿದ್ದೆಗೆ ಜಾರುವ ಹೊತ್ತಿನಲ್ಲಿ ಸ್ನಾಯುಗಳು ಹೀಗೆ ಕುಲುಕುವುದು ಹೆಚ್ಚಿನವರಿಗೆ ಆಗಾಗ ಆಗುವಂಥದೇ, ಅಪಾಯವೇನಿಲ್ಲ. ಅವನಿಗೆ ಮಾತ್ರ ಜೀವ ಹೋಗಿ ಬಂದಂತೆ. ಪಕ್ಕದಲ್ಲಿ ಮಲಗಿದವರು ಕಣ್ಣು ಬಿಡದೆಯೇ 'ಗ್ಯಾಸ್ ಇರಬೇಕು, ಬಿಸಿನೀರು ಕುಡಿದು ಮಲ್ಕೊಳ್ಳಿ' ಅನ್ನುತ್ತಾರೆ.

'ಎಲ್ಲಾ ನಿನ್ನ ಮನಸ್ಸಿನದು' ಅನ್ನುವವರೂ ಇದ್ದಾರೆ. ನನಗೆ ಈ ಮಾತು ಸುಳ್ಳೆನಿಸುತ್ತದೆ, ಸ್ವಲ್ಪ ಕ್ರೂರವೆಂದೂ ಅನಿಸುತ್ತದೆ. ಬಡಿತ ನಿಜ, ಬೆವರು ನಿಜ, ಹೊಟ್ಟೆ ಹಿಂಡಿದ್ದೂ ನಿಜ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತ ಎರಡು ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಸುರಿಸಿವೆ. ಭಯ, ಸಿಟ್ಟು, ಹಸಿವುಗಳಲ್ಲಿ ದೇಹಕ್ಕೆ ಏನಾಗುತ್ತದೆ ಎಂದು ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ 1915ರಲ್ಲೇ ಪುಸ್ತಕ ಬರೆದ. ಹೊಡೆದಾಡು ಇಲ್ಲವೇ ಓಡು ಎಂದು ಮೈ ಸಜ್ಜಾಗುತ್ತದೆ. ರಕ್ತ ಹೊಟ್ಟೆಯನ್ನು ಬಿಟ್ಟು ಕೈಕಾಲಿನ ಸ್ನಾಯುಗಳಿಗೆ ಹರಿಯುತ್ತದೆ. ಆದರೆ ಓಡಬೇಕಾದವನು ಕಂಬಳಿ ಹೊದ್ದು ಮಲಗಿದ್ದಾನೆ, ಎದುರಿಗಿರುವುದೂ ಹುಲಿಯಲ್ಲ. ಮಗಳ ಸಿಇಟಿ ರ‍್ಯಾಂಕು, ಐದನೇ ತಾರೀಖಿನ ಸಾಲದ ಕಂತು, ನಾಡಿದ್ದು ಬರಬೇಕಾದ ಬಯಾಪ್ಸಿ ವರದಿ. ಈ ವ್ಯತ್ಯಾಸ ದೇಹಕ್ಕೆ ತಿಳಿಯದು. ತಿಳಿಯದಿರುವುದು ಅದರ ಪ್ರಾಮಾಣಿಕತೆ, ದ್ರೋಹವಲ್ಲ.

ಪರೀಕ್ಷೆ ಮಾಡಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಎದೆ ಹಿಸುಕಿದಂಥ ನೋವು ತೋಳಿಗೋ ದವಡೆಗೋ ಹರಡಿ ತಣ್ಣನೆಯ ಬೆವರು ಬಂದರೆ ಸೋಡಾ ಕುಡಿದು ಕಾಯುತ್ತ ಕೂರುವುದು ಮೂರ್ಖತನ. ಅದು ಆಸ್ಪತ್ರೆಗೆ ಓಡುವ ಗಳಿಗೆ. ಥೈರಾಯ್ಡ್ ಹೆಚ್ಚಿದ್ದರೂ, ರಕ್ತಹೀನತೆಯಿದ್ದರೂ ಎದೆ ಹೊಡೆದುಕೊಳ್ಳಬಹುದು. ಸಂಜೆ ಏಳಕ್ಕೆ ಕುಡಿದ ಫಿಲ್ಟರ್ ಕಾಫಿಯೂ ಅಪರಾಧಿಯಾಗಿರಬಹುದು, ಏಕೆಂದರೆ ಅದರ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು 5 ಗಂಟೆಯ ನಂತರವೂ ಮೈಯಲ್ಲಿರುತ್ತದೆ. ಇವನ್ನೆಲ್ಲ ನೋಡಿ, ಇಸಿಜಿ, ಎಕೋ ಎಲ್ಲ ಮುಗಿಸಿ, ಹೃದಯ ಚೆನ್ನಾಗಿದೆ ಎಂದು ವೈದ್ಯರು ಹೇಳಿದ ಮೇಲಿನ ಕಥೆ ನನ್ನದು. ಏಕೆಂದರೆ ಆ ಧೈರ್ಯಕ್ಕೆ ರೀಚಾರ್ಜಿನ ಹಾಗೆ ವ್ಯಾಲಿಡಿಟಿ ಇದೆ, ಹೆಚ್ಚೆಂದರೆ ಒಂದು ದಿನ. ನಾಳೆ ರಾತ್ರಿ ಎದೆ ಮತ್ತೆ ಹೊಡೆದುಕೊಂಡಾಗ ಅವನ ಮನಸ್ಸು ಹೇಳುತ್ತದೆ: ಇಸಿಜಿ ತೆಗೆದದ್ದು ನಿನ್ನೆ ಅಲ್ಲವೇ?

ಅವನು ಕೇಳುತ್ತಿರುವುದಾದರೂ ಏನು? ನಾಳೆ ಬೆಳಿಗ್ಗೆ ಕಣ್ಣು ಬಿಡುತ್ತೇನೆಂಬ ಖಾತ್ರಿ. ಅದನ್ನು ಕೊಡುವ ಯಂತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ. ವರದಿಗೆ ಸಹಿ ಹಾಕಿದ ವೈದ್ಯರು ತಾವೂ ಆ ಖಾತ್ರಿಯಿಲ್ಲದೆ ಮನೆಗೆ ಹೋಗಿ ಮಲಗುತ್ತಾರೆ. ಊರೆಲ್ಲ ಮಲಗುವುದು ಹಾಗೆಯೇ, ಅದು ಗಮನಕ್ಕೆ ಬರುವುದಿಲ್ಲ ಅಷ್ಟೇ. ಅಂಜಿದವನಿಗೆ ಅದು ಗಮನಕ್ಕೆ ಬಂದಿದೆ. ಅವನಿಗೆ ಧೈರ್ಯ ಕಡಿಮೆಯೆಂದು ನಾನು ಒಪ್ಪುವುದಿಲ್ಲ. ಯಾರಿಗೂ ಸಿಗದ ವಸ್ತುವನ್ನು ತನಗೊಬ್ಬನಿಗೇ ಕೊಡದೆ ಉಳಿಸಿಕೊಂಡಿದ್ದಾರೆ ಎಂಬಂತೆ ಅವನು ಪ್ರತಿ ರಾತ್ರಿ ಅದಕ್ಕಾಗಿ ಚೌಕಾಸಿ ಮಾಡುತ್ತಾನೆ, ತೊಡಕಿರುವುದು ಅಲ್ಲಿ.

ಆಸ್ಟ್ರೇಲಿಯಾದ ಕ್ಲೇರ್ ವೀಕ್ಸ್ ಅವರ ಬದುಕು ಇಲ್ಲಿ ನೆನಪಾಗುತ್ತದೆ. 1903ರಲ್ಲಿ ಸಿಡ್ನಿಯಲ್ಲಿ ಹುಟ್ಟಿದವರು, ಮೊದಲು ಹಲ್ಲಿ ಜಾತಿಯ ಜೀವಿಗಳ ಮೇಲೆ ಸಂಶೋಧನೆ ಮಾಡಿದ ಪ್ರಾಣಿಶಾಸ್ತ್ರಜ್ಞೆ. ಎಳೆಯ ವಯಸ್ಸಿನಲ್ಲೇ ಕ್ಷಯವೆಂದು ತಪ್ಪಾಗಿ ಹೇಳಿ ಅವರನ್ನು ಸ್ಯಾನಟೋರಿಯಂಗೆ ಸೇರಿಸಿದ್ದರು. ಅಲ್ಲಿಂದ ಬಂದ ಮೇಲೆ ಅವರ ಎದೆ ಹೊಡೆದುಕೊಳ್ಳುವುದು ನಿಲ್ಲಲೇ ಇಲ್ಲ. ಕೊನೆಗೆ ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ಗೆಳೆಯನೊಬ್ಬ, ಕಂದಕಗಳಲ್ಲಿ ನಮಗೆಲ್ಲ ಹೀಗೇ ಆಗುತ್ತಿತ್ತು, ಇದು ಬರಿಯ ಭಯ, ಎಂದ. ಅಷ್ಟು ಸಾಕಾಯಿತು. ಮುಂದೆ ವೈದ್ಯಕೀಯ ಓದಿ, 1962ರಲ್ಲಿ ನರಗಳ ದಣಿವಿನ ಬಗ್ಗೆ ಜನಸಾಮಾನ್ಯರಿಗಾಗಿ ಪುಸ್ತಕ ಬರೆದರು. ಎದುರಾಗು, ಒಪ್ಪಿಕೋ, ತೇಲು, ಕಾಲಕ್ಕೆ ಬಿಡು ಎಂಬುದು ಅದರ ಸಾರ. ನೋಡಿದರೆ, ಗೆಳೆಯ ಅವರಿಗೆ ಖಾತ್ರಿ ಏನನ್ನೂ ಕೊಟ್ಟಿರಲಿಲ್ಲ. ಬಡಿತ ನಿಲ್ಲುತ್ತದೆ ಎಂದೂ ಹೇಳಿರಲಿಲ್ಲ. ಅದು ಬಡಿದರೆ ಬಡಿಯಲಿ ಎನ್ನುವ ಸಲುಗೆಯನ್ನು ಕೊಟ್ಟ.

ನಮ್ಮಲ್ಲಿ ನಿದ್ದೆಗೆಟ್ಟವನಿಗೆ ಸಲುಗೆ ಕಡಿಮೆ, ಅನುಮಾನ ಹೆಚ್ಚು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಹೇಳುವವರು ಸಾಮಾನ್ಯವಾಗಿ ಚೆನ್ನಾಗಿ ನಿದ್ದೆ ಮಾಡಿ ಎದ್ದವರು. ಈ ಅನುಮಾನ ಇಂದಿನದಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ಪ್ರಜಾಗರ ಪರ್ವವೆಂಬ, ನಿದ್ದೆಗೆಟ್ಟ ರಾತ್ರಿಯ ಭಾಗವೇ ಇದೆ. ಪಾಂಡವರ ಬಳಿಗೆ ಹೋಗಿದ್ದ ಸಂಜಯ ಮರಳಿದ್ದಾನೆ, ಆದರೆ ಧರ್ಮರಾಯನ ಮಾತನ್ನು ನಾಳೆ ಸಭೆಯಲ್ಲೇ ಹೇಳುತ್ತೇನೆಂದು ಹೋಗಿಬಿಟ್ಟಿದ್ದಾನೆ. ಧೃತರಾಷ್ಟ್ರನಿಗೆ ಮೈ ಉರಿ, ಇಂದ್ರಿಯಗಳೆಲ್ಲ ಅಂಕೆ ತಪ್ಪಿವೆ, ನಿದ್ದೆಯಿಲ್ಲ. ವಿದುರನನ್ನು ಕರೆಸುತ್ತಾನೆ. ಯಾರಿಗೆಲ್ಲ ನಿದ್ದೆ ಬಾರದು ಎಂದು ವಿದುರ ಒಂದು ಪಟ್ಟಿ ಕೊಟ್ಟು, ಪರರ ಸ್ವತ್ತಿಗೆ ಆಸೆಪಟ್ಟಿಲ್ಲ ತಾನೇ ಎಂದು ಚುಚ್ಚುತ್ತಾನೆ. ಆ ರಾಜನಿಗೆ ಅದು ಸಲ್ಲಬೇಕಾದ ಪ್ರಶ್ನೆ. ಆದರೆ ನಾವು ಪಟ್ಟಿಯಲ್ಲಿನ ಕಳ್ಳನನ್ನೂ ಕಾಮಿಯನ್ನೂ ಮಾತ್ರ ನೆನಪಿಟ್ಟುಕೊಂಡೆವು. ಅದರಲ್ಲಿ ಮೊದಲು ಬರುವವನು ತಪ್ಪಿತಸ್ಥನಲ್ಲ, ಬಲಾಢ್ಯನ ದಾಳಿಗೆ ಸಿಕ್ಕ ಕೈಲಾಗದವನು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದು, ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂದು ಕತ್ತಲಲ್ಲಿ ಕಣ್ಣು ಬಿಟ್ಟು ಮಲಗಿದ ಹೆಂಗಸು ಆ ಮೊದಲನೆಯ ಸಾಲಿನವಳು. ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಅವಳು ಹುಡುಕಬೇಕಾಗಿಲ್ಲ.

ಆ ರಾತ್ರಿ ಧೃತರಾಷ್ಟ್ರ ನಿದ್ದೆ ಹೋದನೆಂದು ಕಥೆ ಹೇಳುವುದಿಲ್ಲ. ಮಾತು, ಮತ್ತೆ ಮಾತು, ಆಮೇಲೆ ಋಷಿ ಸನತ್ಸುಜಾತ ಬಂದ, ಬೆಳಗಾಯಿತು. ನಿದ್ದೆಯಿಲ್ಲದ ರಾತ್ರಿಯೂ ಬೆಳಗಾಗುತ್ತದೆ ಎಂಬುದನ್ನು ಅಂಜಿದವನ ಕಿವಿಗೆ ಯಾರಾದರೂ ಹಾಕಬೇಕು. ಅವನು ಎದೆಗೆ ಹೆದರುತ್ತಾನೆ, ಎದೆಗೆ ಹೆದರಿ ನಿದ್ದೆಗೆಡುತ್ತಾನೆ, ಕೊನೆಗೆ ನಿದ್ದೆಗೆಟ್ಟೆನೆಂದೇ ಹೆದರುತ್ತಾನೆ. ಗಾಬರಿಯ ಅಲೆ ಸಾಮಾನ್ಯವಾಗಿ 10 ನಿಮಿಷದೊಳಗೆ ತನ್ನ ತುದಿ ಮುಟ್ಟಿ ಇಳಿಯತೊಡಗುತ್ತದೆ. ಇಳಿಯದಂತೆ ಹಿಡಿದಿಡುವುದು ಎದೆಬಡಿತದ ಮೇಲೆ ಅವನಿಟ್ಟ ಕಾವಲು. ಈಗ ಮಣಿಕಟ್ಟಿನ ವಾಚು ಬೇರೆ ರಾತ್ರಿ ಎರಡಕ್ಕೆ ನಾಡಿಯ ಲೆಕ್ಕ ತೋರಿಸುತ್ತದೆ. ಅದನ್ನು ಬಿಚ್ಚಿ ಇನ್ನೊಂದು ಕೋಣೆಯಲ್ಲಿಡಬೇಕು. ಗೋಡೆ ಗಡಿಯಾರವನ್ನೂ ನೋಡಬಾರದು. ನಿದ್ದೆ ಬಾರದೆ ಹೊರಳಾಡುವುದಕ್ಕಿಂತ ಎದ್ದು ಬೇರೆಡೆ ಕೂತು, ಕಣ್ಣು ಎಳೆದಾಗ ಮರಳುವುದು ಮೇಲು ಎಂಬ ವಿಧಾನವನ್ನು ರಿಚರ್ಡ್ ಬೂಟ್ಜಿನ್ 1972ರಲ್ಲಿ ಮುಂದಿಟ್ಟರು, ಇಂದಿಗೂ ನಿದ್ರಾ ಚಿಕಿತ್ಸೆಯಲ್ಲಿ ಅದು ಬಳಕೆಯಲ್ಲಿದೆ. ಉಸಿರನ್ನು ಎಳೆಯುವುದಕ್ಕಿಂತ ನಿಧಾನವಾಗಿ ಬಿಡುವುದು ಒಳ್ಳೆಯದು, ಬಿಡುವಾಗ ಹೃದಯದ ವೇಗ ತುಸು ತಗ್ಗುತ್ತದೆ. ಇದನ್ನೆಲ್ಲ ಹೇಳುತ್ತಲೇ ನನಗೊಂದು ಅಳುಕೂ ಇದೆ. ಇಷ್ಟು ಉಸಿರು ಬಿಟ್ಟೆ, ನಿದ್ದೆ ಬಂತೇ ಎಂದು ಕೇಳಿದ ಕೂಡಲೇ ಉಸಿರಾಟವೂ ತಾಯತವಾಗಿಬಿಡುತ್ತದೆ, ಚೌಕಾಸಿ ಮತ್ತೆ ಶುರು.

ವಾರಗಟ್ಟಲೆ ಹೀಗೇ ನಡೆದರೆ ಮನೋವೈದ್ಯರನ್ನು ಕಾಣಲು ನಾಚಬೇಕಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ನಡುರಾತ್ರಿಯೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಇನ್ನು ಪಕ್ಕದಲ್ಲಿ ಮಲಗಿದವರು. ಅವರ ನಿದ್ದೆಯೂ ಕೆಟ್ಟಿರುತ್ತದೆ, ಬೆಳಿಗ್ಗೆ ಅವರಿಗೂ ಕೆಲಸವಿರುತ್ತದೆ. ಗದರಿದರೆ ಅಂಜಿದವನು ಮುಂದಿನ ಸಲ ಒಬ್ಬನೇ ನಡುಗುತ್ತಾನೆ. ಪ್ರತಿ ಸಲ ಕೈಹಿಡಿದು ನಾಡಿ ನೋಡಿದರೆ ನಾಡಿ ನೋಡದೆ ಮಲಗಲಾರದವನಾಗುತ್ತಾನೆ. ಗ್ಯಾಸೋ ಹಾರ್ಟೋ ಎಂಬ ಚರ್ಚೆಯನ್ನು ಬಿಟ್ಟು, 'ನಾಳೆ ಏನಿದೆ ನಿಮಗೆ?' ಎಂದು ಕೇಳಿ ನೋಡಬಹುದು. ಸಾಲದ ಕಂತೋ, ವರದಿಯೋ, ಮಗಳ ಸೀಟೋ, ಏನೋ ಒಂದು ಹೊರಗೆ ಬರುತ್ತದೆ. ಅದಕ್ಕೆ ಉತ್ತರ ಹೊಳೆಯದಿದ್ದರೆ ಬೇಡ. ವಿದುರನಂತೆ ಬೆಳಗಿನವರೆಗೆ ನೀತಿ ಹೇಳುವುದಂತೂ ಖಂಡಿತ ಬೇಡ.