ವಂಶಪತ್ರವೂ ಪಿತೃಋಣವೂ

ಕಿಣ್ಣಿ ಸುಲ್ತಾನವಿರುವ ಆಳಂದ ಸೀಮೆಯು 1948ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದಿತು. ಕಚೇರಿಯ ಭಾಷೆ ಮೊದಲು ಪಾರಸಿ, 1880ರ ದಶಕದಿಂದ ಉರ್ದು. ಆದುದರಿಂದ ಅಲ್ಲಿಯ ಕನ್ನಡಿಗನು ಮುತ್ತಜ್ಜನ ಹೆಸರನ್ನು ಪರಲಿಪಿಯಲ್ಲಿ ಅರಸಬೇಕಾಗುವುದು. ಸಮಾಧಿಯ ಕಲ್ಲು ಹೆಸರನ್ನು ಮಾತ್ರ ಹೇಳೀತು. ವಂಶಾವಳಿ ಹಾಡುವ ಹೆಳವನು ಹಿರಿಯರ ಕೀರ್ತಿಯನ್ನು ಹೇಳಿಯಾನು. ಹೊಲದ ಪತ್ರವಾದರೋ ಅವರ ನಡತೆಯನ್ನೂ ಹೇಳುವುದು. ಅಲ್ಪ ಸಾಲಕ್ಕೆ ಬಡವನೊಬ್ಬನ ಹೊಲವನ್ನು ಅಜ್ಜನು ಒತ್ತೆಯಿಟ್ಟುಕೊಂಡು ನುಂಗಿದುದು ಅದರಲ್ಲಿ ಕಂಡುಬಂದರೆ, ಮೊಮ್ಮಗನು ಮಾಡತಕ್ಕದ್ದೇನು? "ಅದು ನನ್ನ ಕೃತ್ಯವಲ್ಲ" ಎಂಬುದು ನಿಜವೇ. ಆದರೆ ಮನುಷ್ಯನು ಹುಟ್ಟುತ್ತಲೇ ಪಿತೃಗಳಿಗೆ ಋಣಿಯೆಂದು ಶ್ರುತಿಯು ಸಾರುವುದು. ಹಿರಿಯರ ಕೀರ್ತಿಯನ್ನು ತನ್ನದೆನ್ನುವವನು ಅವರ ಸಾಲವನ್ನು ಪರರದೆನ್ನಲಾಗದು. ಆ ಪತ್ರವನ್ನು ಬಚ್ಚಿಡದೆ, ಹೊಲ ಕಳೆದುಕೊಂಡವನ ಮನೆತನದವರನ್ನು ಕರೆದು ಓದಿ ಹೇಳುವುದೇ ಪಿತೃಗಳಿಗೆ ಸಲ್ಲುವ ಮೊದಲ ತರ್ಪಣ.