ಕೈಗೆ ಒಗ್ಗಿದ ಆಯುಧ

ಚುನಾವಣೆಯ ದಿನಾಂಕ ಪ್ರಕಟವಾಯಿತೆಂದರೆ ನಮ್ಮ ಕಡೆಯ ಪೊಲೀಸ್ ಠಾಣೆಗಳಿಗೆ ಹಳೆಯ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟುಗಳು ಬರತೊಡಗುತ್ತವೆ. ಬೆಳೆ ಕಾಯಲೆಂದು ಪರವಾನಗಿ ಪಡೆದ ಬಂದೂಕುಗಳವು. ಮತದಾನ ಮುಗಿಯುವವರೆಗೆ ಅವನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. 2023ರ ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ ಕೂಡ್ಲಿಗಿ ಸೀಮೆಯ ಹಿರಿಯ ರೈತರೊಬ್ಬರು ಹಾಗೆ ಒಪ್ಪಿಸಿ ಬಂದು ಚಹಾದಂಗಡಿಯಲ್ಲಿ ಕುಳಿತಿದ್ದರು. ಅವರದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕು.

"ಅಜ್ಜಾರ, ಅದನ್ನ ಹಾರಿಸಿ ಎಷ್ಟು ವರ್ಷ ಆತು?" ಎಂದು ಕೇಳಿದೆ.

"ಇಪ್ಪತ್ತರ ಹತ್ರ ಬಂತು ತಮ್ಮಾ. ಹಂದಿ ಬಂದ್ರ ಈಗ ಪಟಾಕಿ ಹೊಡಿತೀವಿ. ಕರಡಿಗಂತೂ ಕೈ ಹಚ್ಚಂಗಿಲ್ಲ. ಆದ್ರೂ ಕೊಟ್ಟು ಬಂದ ಮ್ಯಾಲ ಕೈ ಬರಿದಾದಂಗ ಆಗೈತಿ ನೋಡು."

ಇಪ್ಪತ್ತು ವರ್ಷ ಬಳಸದೇ ಇಟ್ಟ ವಸ್ತುವಿಗಾಗಿ ಕೈ ಏಕೆ ಹಂಬಲಿಸಬೇಕು? ಆಯುಧ ಕೈಗೆ ಹಿತವೆನಿಸುವುದು ಆಯುಧದ ಗುಣವೋ, ಕೈಯ ಗುಣವೋ? ಹಿತವೆನಿಸಿದ ಮಾತ್ರಕ್ಕೆ ಅದು ಕೈಗೆ ತಕ್ಕದ್ದು ಎನ್ನಬಹುದೇ?

ಈ ಪ್ರಶ್ನೆಗೆ ನಮ್ಮಿಂದ ಬಹುದೂರದ ಒಂದು ಆಯುಧ ಒಳ್ಳೆಯ ಉದಾಹರಣೆ. ಅಮೆರಿಕದ ಕೋಲ್ಟ್ ಕಂಪನಿ ತಯಾರಿಸಿ 1873ರಲ್ಲಿ ಅಲ್ಲಿನ ಸೈನ್ಯ ಒಪ್ಪಿಕೊಂಡ ಸಿಂಗಲ್ ಆ್ಯಕ್ಷನ್ ರಿವಾಲ್ವರ್ ಅದು. ಸಿಂಗಲ್ ಆ್ಯಕ್ಷನ್ ಎಂದರೆ ಟ್ರಿಗರ್ ಒಂದೇ ಒಂದು ಕೆಲಸ ಮಾಡುತ್ತದೆ, ಹಿಂದಕ್ಕೆಳೆದು ನಿಲ್ಲಿಸಿದ ಹ್ಯಾಮರನ್ನು ಬೀಳಿಸುತ್ತದೆ. ಆ ಹ್ಯಾಮರನ್ನು, ನಮ್ಮ ಹಳಬರು 'ಕುದುರೆ' ಎನ್ನುತ್ತಿದ್ದ ಭಾಗವನ್ನು, ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕು. ಎಳೆದಾಗ ಗುಂಡಿನ ಉರುಳೆ ಒಂದು ಮನೆ ತಿರುಗುತ್ತದೆ. ಆಮೇಲಷ್ಟೇ ತೋರುಬೆರಳಿಗೆ ಕೆಲಸ. ಇದಕ್ಕಿಂತ ವೇಗದ, ಟ್ರಿಗರ್ ಒತ್ತಿದರೆ ಸಾಕು ಎಲ್ಲವೂ ನಡೆದುಹೋಗುವ ರಿವಾಲ್ವರುಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಬಂದವು. ಎರಡನೆಯ ಮಹಾಯುದ್ಧದ ಹೊತ್ತಿಗೆ ಕೋಲ್ಟ್ ಕಂಪನಿ ತನ್ನ ಹಳೆಯ ಮಾದರಿಯ ತಯಾರಿಕೆಯನ್ನು ನಿಲ್ಲಿಸಿಯೂ ಬಿಟ್ಟಿತು. ಆದರೆ ಕೌಬಾಯ್ ಸಿನಿಮಾ, ಟಿ.ವಿ. ಧಾರಾವಾಹಿಗಳನ್ನು ನೋಡಿದ ಜನ ಅದನ್ನೇ ಕೇಳತೊಡಗಿದರು. 1956ರಲ್ಲಿ ಕಂಪನಿ ಅದನ್ನು ಮತ್ತೆ ತಯಾರಿಸಲು ಆರಂಭಿಸಬೇಕಾಯಿತು.

ಸಿನಿಮಾದ ಮೋಹ ಎಂದು ಇದನ್ನು ತಳ್ಳಿಹಾಕಬಹುದು. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ 'ಶೋಲೆ' 1975ರಲ್ಲಿ ತೆರೆಕಂಡ ಮೇಲೆ, ಅಂಥವೇ ಬಂಡೆಗಳಿರುವ ನಮ್ಮೂರುಗಳ ಹುಡುಗರೂ ಕೋಲನ್ನೇ ರಿವಾಲ್ವರ್ ಮಾಡಿಕೊಂಡು ಗಬ್ಬರ್ ಸಿಂಗ್ ಆಡಿದವರೇ. ಆದರೆ ಅದನ್ನು ನಿಜವಾಗಿ ಕೈಯಲ್ಲಿ ಹಿಡಿದವರೂ ಅದು ತಮ್ಮ ಕೈಗೆಂದೇ ಮಾಡಿದಂತಿದೆ ಎನ್ನುತ್ತಾರೆ. ಅದರ ಬಾಗಿದ ಹಿಡಿಗೆ ಅಮೆರಿಕನ್ನರು ಇಟ್ಟ ಹೆಸರು ಕೇಳಿದರೆ ಆಶ್ಚರ್ಯವಾಗುತ್ತದೆ. ಅವರು ಅದನ್ನು ನೇಗಿಲ ಹಿಡಿ ಎಂದು ಕರೆಯುತ್ತಾರೆ. ಗುಂಡು ಹಾರಿ ಆಯುಧ ಹಿಂದಕ್ಕೆ ಒದ್ದಾಗ ಆ ಬಾಗು ಅಂಗೈಯಲ್ಲಿ ಮೆಲ್ಲನೆ ಹೊರಳುತ್ತದೆ, ನಳಿಗೆ ಮೇಲಕ್ಕೇಳುತ್ತದೆ, ಕುದುರೆ ತಾನಾಗಿ ಹೆಬ್ಬೆರಳಿನ ಬಳಿಗೆ ಬರುತ್ತದೆ. ಒದೆತವನ್ನು ಕೈ ತಡೆಯುವುದಿಲ್ಲ, ಅದರೊಂದಿಗೆ ಸಾಗುತ್ತದೆ.

ನೇಗಿಲ ಮೇಣಿ ಹಿಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಒಣಭೂಮಿಯಲ್ಲಿ ಟ್ರ್ಯಾಕ್ಟರ್ ಬರುವ ಮುನ್ನ ನೇಗಿಲು, ಕುಂಟೆ, ಕೂರಿಗೆಗಳೇ ಬದುಕಾಗಿದ್ದವು. ಮೇಣಿಯನ್ನು ಬಡಿಗೇರ ಸುಮ್ಮನೆ ಕೆತ್ತುತ್ತಿರಲಿಲ್ಲ. ಹೊಡೆಯುವವನ ಎತ್ತರ ನೋಡುತ್ತಿದ್ದ, ಕೆಲವೊಮ್ಮೆ ಅವನನ್ನೇ ಕರೆದು ಹಿಡಿಸಿ ನೋಡುತ್ತಿದ್ದ. ಕಲ್ಲಿಗೆ ತಾಗಿ ನೇಗಿಲು ಎಗರಿದಾಗ ಬಿಗಿಯಾಗಿ ಹಿಡಿದವನ ಮಣಿಕಟ್ಟು ನೋಯುತ್ತದೆ. ಸಡಿಲವಾಗಿ ಹಿಡಿದು ಅದರೊಂದಿಗೆ ಹೊರಳಿದವನು ಸಂಜೆಯವರೆಗೆ ಉಳುತ್ತಾನೆ. ಸಾವಿರಾರು ವರ್ಷ ಮೇಣಿ ಹಿಡಿದು ಪಳಗಿದ ಅಂಗೈಗೆ ಅದೇ ಬಾಗಿನ ಇನ್ನೊಂದು ವಸ್ತು ಸಿಕ್ಕರೆ ಹಿತವೆನಿಸದೆ ಇರುತ್ತದೆಯೇ? ಆದರೆ ಹಿಡಿಯ ಆಚೆ ತುದಿಯಲ್ಲಿ ಕುಳವಿದೆಯೋ ನಳಿಗೆಯಿದೆಯೋ ಎಂಬುದು ಅಂಗೈಗೆ ತಿಳಿಯುವುದಿಲ್ಲ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯನ್ನು ಓಬವ್ವನ ತವರೂರು ಎಂದು ಈ ಭಾಗದವರು ಅಭಿಮಾನದಿಂದ ಹೇಳುತ್ತಾರೆ. ಚಿತ್ರದುರ್ಗದ ಕಿಂಡಿಯ ಬಳಿ ಅವಳು ಒನಕೆ ಹಿಡಿದು ನಿಂತ ಕಥೆ ಯಾರಿಗೆ ಗೊತ್ತಿಲ್ಲ? ಅಲ್ಲಿ ನಡೆದದ್ದು ಇದೇ ಸಂಗತಿ. ದಿನವೂ ಕುಟ್ಟಿ ಕುಟ್ಟಿ ಪಳಗಿದ ಕೈ, ಎತ್ತಿ ಇಳಿಸುವ ಅದೇ ಚಲನೆ. ಒಮ್ಮೆ ಇಳಿಸಿದ ಒನಕೆಯನ್ನು ಮತ್ತೆ ಎತ್ತದೆ ಎರಡನೆಯ ಪೆಟ್ಟಿಲ್ಲ. ಧಾನ್ಯದ ಮೇಲೆ ಬೀಳುತ್ತಿದ್ದದ್ದು ಆ ದಿನ ಮನುಷ್ಯರ ತಲೆಯ ಮೇಲೆ ಬಿತ್ತು. ಅವಳನ್ನು ನಾವು ಸ್ಮರಿಸುವುದು ಒನಕೆ ಅವಳ ಕೈಗೆ ಒಗ್ಗಿತ್ತು ಎಂಬುದಕ್ಕಲ್ಲ. ಅದು ಊರಿನ ಎಲ್ಲ ಹೆಣ್ಣುಮಕ್ಕಳ ಕೈಗೂ ಒಗ್ಗಿತ್ತು.

ವೈದ್ಯರದು, ಅಡುಗೆಯವರದು ಒಳ್ಳೆಯ ಕೈಗುಣ ಎನ್ನುತ್ತೇವೆ. ಸೌಟಿನ ಗುಣ ಎಂದು ಯಾರೂ ಹೇಳುವುದಿಲ್ಲ. ಆಯುಧದ ವಿಷಯ ಬಂದಾಗ ಮಾತ್ರ ಮಾತು ತಿರುಗುತ್ತದೆ. ಹಳೆಯ ಬಂದೂಕು ಪ್ರಾಮಾಣಿಕವಾದದ್ದು, ಅದು ಮನುಷ್ಯನಿಗೆ ಯೋಚಿಸಲು ಸಮಯ ಕೊಡುತ್ತದೆ ಎಂದು ಅದರ ಅಭಿಮಾನಿಗಳು ವಾದಿಸುತ್ತಾರೆ. ಈ ವಾದವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ನಳಿಗೆಗೆ ಮದ್ದು ಸುರಿದು, ಜಡಿದು, ಗುಂಡು ಹಾಕಿ, ಮತ್ತೆ ಜಡಿದು, ಕೇಪು ಇಟ್ಟು, ಕುದುರೆ ಎಳೆಯುವಷ್ಟರಲ್ಲಿ ಎಷ್ಟೋ ಸಿಟ್ಟು ಇಳಿದುಹೋಗುತ್ತದೆ. ಕೋಲ್ಟ್ ರಿವಾಲ್ವರಿನಲ್ಲಿ ಅಷ್ಟು ಹೊತ್ತು ಇಲ್ಲದಿದ್ದರೂ ಹೆಬ್ಬೆರಳಿನ ಒಂದು ಎಳೆತವಾದರೂ ಇದೆ. ಕೊಲ್ಲುವವನು ಪ್ರತಿ ಬಾರಿಯೂ ಎರಡು ಸಲ ಒಪ್ಪಬೇಕು.

ಕೂಡ್ಲಿಗಿ ಪಟ್ಟಣದಲ್ಲಿ ಗಾಂಧೀಜಿಯವರ ಚಿತಾಭಸ್ಮ ಇರಿಸಿದ ಹುತಾತ್ಮರ ಸ್ಮಾರಕವಿದೆ. 1948ರ ಜನವರಿ 30ರಂದು ಅವರ ಮೇಲೆ ಹಾರಿದ ಮೂರು ಗುಂಡುಗಳು ಬೆರೆಟ್ಟಾ ಪಿಸ್ತೂಲಿನವು. ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾನೇ ನಳಿಗೆಗೆ ತಂದುಕೊಂಡು, ಹ್ಯಾಮರನ್ನೂ ತಾನೇ ಎಳೆದು ನಿಲ್ಲಿಸಿಕೊಳ್ಳುವ ಯಂತ್ರ ಅದು. ಹೆಬ್ಬೆರಳಿಗೆ ಅಲ್ಲಿ ಕೆಲಸವೇ ಇಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದ ಗುಂಡುಗಳು 7.65 ಮಿ.ಮೀ. ನಾಡ ಪಿಸ್ತೂಲಿನವು, ಎರಡೂ ಕಡೆ ಬಳಸಿದ್ದು ಒಂದೇ ಆಯುಧ ಎಂದು ತನಿಖೆಯ ವೇಳೆ ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಇಬ್ಬರೂ ತಮ್ಮ ಮನೆಯ ಬಾಗಿಲಲ್ಲೇ ಬಿದ್ದರು.

ಹಾಗಾದರೆ ಆ ಕೈಗಳಲ್ಲಿ ನಿಧಾನದ ಆಯುಧ ಇದ್ದಿದ್ದರೆ ಈ ಮೂವರೂ ಉಳಿಯುತ್ತಿದ್ದರೇ? ಹೌದು ಎನ್ನುವ ಆಸೆ ನನಗೂ ಇದೆ. ಆದರೆ ತಿಂಗಳುಗಟ್ಟಲೆ ಮೊದಲೇ ನಿರ್ಧರಿಸಿದವನಿಗೆ ಒಂದು ಕ್ಷಣದ ಅಡ್ಡಿ ಅಡ್ಡಿಯೇ ಅಲ್ಲ. ಅವನ ಕುದುರೆ ಮನೆಯಲ್ಲೇ ಎಳೆದಾಗಿರುತ್ತದೆ. ಇನ್ನೊಂದು ಮಾತೂ ಇದೆ. ಟ್ರಿಗರನ್ನು ಒತ್ತಿಹಿಡಿದು ಇನ್ನೊಂದು ಅಂಗೈಯಿಂದ ಹ್ಯಾಮರನ್ನು ಪಟಪಟನೆ ಬಡಿದು ಆರೂ ಗುಂಡುಗಳನ್ನು ಕ್ಷಣದಲ್ಲಿ ಹಾರಿಸುವ ಕಲೆಯನ್ನು ಅದೇ ಸಿಂಗಲ್ ಆ್ಯಕ್ಷನ್ ಪ್ರಿಯರು ಕಂಡುಕೊಂಡರು. ಅಮೆರಿಕದ ಮೂಲನಿವಾಸಿಗಳನ್ನು ಅವರ ನೆಲದಿಂದ ಓಡಿಸಿದ ಸೈನಿಕರ ಸೊಂಟದಲ್ಲೂ ಇದ್ದದ್ದು ಇದೇ ಪ್ರಾಮಾಣಿಕ ಆಯುಧ. ಆಯುಧ ಕೊಟ್ಟ ಬಿಡುವನ್ನು ಅಭ್ಯಾಸ ಕಿತ್ತುಕೊಳ್ಳಬಲ್ಲದು. ಕೈಗೆ ಒಗ್ಗುವುದೆಂದರೆ ಒಂದು ರೀತಿಯಲ್ಲಿ ಅದೇ ಅಲ್ಲವೇ? ಒಗ್ಗಿದ ಮೇಲೆ ಯೋಚನೆ ಬೇಕಾಗುವುದಿಲ್ಲ. ನೇಗಿಲಿಗೆ ಅದು ವರ. ಬಂದೂಕಿಗೆ ಅದೇ ಅಪಾಯ. ಅದು ಸ್ವಲ್ಪ ಒಗ್ಗದೆ, ಪ್ರತಿ ಸಲವೂ ಹೊಸದಾಗಿ ಭಾರವೆನಿಸುವುದೇ ಮೇಲು.

ಕೊಡಗಿನವರಿಗೆ ಇದು ತಿಳಿದಿತ್ತೆಂದು ತೋರುತ್ತದೆ. ಪರವಾನಗಿಯಿಂದ ವಿನಾಯಿತಿ ಪಡೆದ ಆ ಜನರಿಗಿಂತ ಬಂದೂಕಿಗೆ ಒಗ್ಗಿದವರು ನಮ್ಮ ನಾಡಿನಲ್ಲಿಲ್ಲ. ಆದರೂ ಭತ್ತದ ಗದ್ದೆಯ ಕೆಲಸ ನಡೆಯುವಾಗ ಆಯುಧಗಳನ್ನು ಮನೆಯ ದೇವರ ಕೋಣೆಯಲ್ಲಿಟ್ಟು, ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್ ಹಬ್ಬದಂದೇ ಪೂಜಿಸಿ ಹೊರತೆಗೆಯುವುದು ಅವರ ಹಿರಿಯರ ಪದ್ಧತಿಯಾಗಿತ್ತು. ಮೇಣಿ ಹಿಡಿದ ಕಾಲದಲ್ಲಿ ಕೋವಿ ಇಲ್ಲ. ಕೈಗೆ ಅದು ಬರಿದೆನಿಸುತ್ತಿದ್ದಿರಬೇಕು. ಬರಿದೆನಿಸಲಿ ಎಂದೇ ಆ ನಿಯಮವೋ ಏನೋ. ಕಾನೂನು ಚುನಾವಣೆಯ ಹೊತ್ತಿಗೆ ಮಾಡುವ ಕೆಲಸವನ್ನು ಅವರು ಪ್ರತಿ ಮಳೆಗಾಲಕ್ಕೂ ತಾವೇ ಮಾಡಿಕೊಂಡಿದ್ದರು.

ಫಲಿತಾಂಶ ಬಂದು ಕೆಲವು ವಾರಗಳ ನಂತರ ಆ ಅಜ್ಜನ ಮನೆಗೆ ಹೋಗಿದ್ದೆ. ಬಂದೂಕು ಠಾಣೆಯಿಂದ ಮರಳಿ ಬಂದು ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಕಾಲೇಜು ಓದುವ ಮೊಮ್ಮಗ ಒಮ್ಮೆ ಹಿಡಿದು ನೋಡುತ್ತೇನೆ ಎಂದ. ಅಜ್ಜ ಕೊಡಲಿಲ್ಲ ಎನ್ನುವಂತಿಲ್ಲ, ಆದರೆ ಕೂಡಲೇ ಕೊಡಲೂ ಇಲ್ಲ. ಕೆಳಗಿಳಿಸಿ, ಜಡಿಯುವ ಕಬ್ಬಿಣದ ಸರಳನ್ನು ನಳಿಗೆಯೊಳಗೆ ಬಿಟ್ಟು, ತಳ ಮುಟ್ಟಿದ ಸದ್ದು ಕೇಳಿಸಿಕೊಂಡರು.

"ಠಾಣ್ಯಾಗಿಂದ ಬಂದಿದ್ದಲ್ಲ ಅಜ್ಜಾ, ಖಾಲಿನ ಇರತೈತಿ" ಎಂದ ಹುಡುಗ.

"ಇರತೈತಿ" ಎಂದು ಅಜ್ಜ ಸರಳನ್ನು ಹೊರಗೆಳೆದರು. ಒರೆಸಿಕೊಂಡು, ಮತ್ತೊಮ್ಮೆ ಒಳಗೆ ಬಿಟ್ಟು ನೋಡಿದರು.